ಊದದೆ ಬಿಟ್ಟ ಹುಳ

ಇಲ್ಲ, ಅದು ಗಣಪತಿ ಹಬ್ಬಕ್ಕೆ ಮೊದಲೇ ಆಗಿರಲಾರದು. ಅಥವಾ ಆಗಿತ್ತೇನೋ. ಆ ಸಂಜೆ ನನ್ನ ಕೈಯಲ್ಲಿ ಕೊಡೆಯಿತ್ತೆಂದು ಒಮ್ಮೆ ಅನಿಸುತ್ತದೆ, ಒಮ್ಮೆ ಇರಲಿಲ್ಲವೆಂದು. ನನ್ನ ನೆನಪನ್ನು ನಾನು ನಂಬುವುದಿಲ್ಲ, ಹುಳವನ್ನು ನಂಬುತ್ತೇನೆ. ಮಳೆಯ ಜೋರು ಇಳಿದ ಮೇಲೆಯೇ ಅದು ಠಾಣೆ ಸ್ಟೇಷನ್ನಿನ ಟ್ಯೂಬ್‌ಲೈಟುಗಳಿಗೆ ಮುತ್ತುವುದು, ಅಲ್ಲಿಂದ ಲೋಕಲ್ ರೈಲಿನೊಳಕ್ಕೆ ಬರುವುದು.

ಇರುವೆಯಷ್ಟು ತೆಳ್ಳಗೆ, ಕಪ್ಪು ಮತ್ತು ಕಿತ್ತಳೆ ಪಟ್ಟೆ. ಕಚ್ಚುವುದಿಲ್ಲ. ಮೈಮೇಲೆ ಜಜ್ಜಿದರೆ ಅದರ ರಸ ಚರ್ಮವನ್ನು ಸುಡುತ್ತದೆ, ಅದೂ ಕೂಡಲೇ ಅಲ್ಲ. ಒಂದೆರಡು ದಿನದಲ್ಲಿ ಕಾದ ಸೌಟು ತಗಲಿದಂಥ ಗೆರೆ ಏಳುತ್ತದೆ. ಆದ್ದರಿಂದ ಹೆಂಗಸರ ಬೋಗಿಯಲ್ಲಿ ಯಾರೂ ಅದನ್ನು ಹೊಡೆಯುವುದಿಲ್ಲ, ಊದುತ್ತೇವೆ. ಗುರುತಿಲ್ಲದವಳ ಕತ್ತಿನ ಮೇಲಿದ್ದರೂ ಕೇಳದೆ ಬಗ್ಗಿ ಒಮ್ಮೆ ಊದಿ, ಮತ್ತೆ ನಮ್ಮ ಫೋನು ನೋಡುತ್ತೇವೆ.

ನನ್ನ ಗೆಳತಿ ವಿಜಯಪುರದ ಕಡೆಯವಳು. ಠಾಣೆಯಲ್ಲಿ ಇಬ್ಬರೂ ಹತ್ತುತ್ತಿದ್ದೆವು. ಅವಳು ಡೊಂಬಿವಲಿಯಲ್ಲಿ ಇಳಿದರೆ ನಾನು ಕಲ್ಯಾಣಿನಲ್ಲಿ. ಸೀಟು ಸಿಕ್ಕಿದ ದಿನ ಅವಳು ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ನನ್ನ ಕುರ್ತಾದ ಭುಜಕ್ಕೆ ಅವಳ ತಲೆಯೆಣ್ಣೆ ಹತ್ತುತ್ತಿತ್ತು. ಒಗೆಯುವಾಗ ಬೈದುಕೊಳ್ಳುತ್ತಿದ್ದೆ, ಆದರೂ ಯಾವತ್ತೂ ಭುಜ ಸರಿಸಿದವಳಲ್ಲ.

ಆಮೇಲೆ ಇನ್ನೊಬ್ಬಳು ಬಂದಳು. ಗೆಳತಿಯ ಕಟ್ಟಡದಲ್ಲೇ ಇರುವವಳು, ಇಲ್ಲೇ ಹುಟ್ಟಿದವಳು. ಕನ್ನಡ ತಿಳಿಯುತ್ತದೆ, ಉತ್ತರ ಕೊಡುವುದು ಹಿಂದಿಯಲ್ಲಿ. ಹಿಂದಿನ ಸ್ಟೇಷನ್ನಿನಲ್ಲೇ ಹತ್ತಿ, ಕಿಟಕಿ ಹಿಡಿದು, ಪಕ್ಕದಲ್ಲಿ ಪರ್ಸ್ ಇಟ್ಟು ಗೆಳತಿಗೆ ಜಾಗ ಕಾಯುತ್ತಿದ್ದಳು. ಎದುರಿನ ಬೆಂಚಿನ ತುದಿಯ ಫೋರ್ಥ್ ಸೀಟು, ಅಂದರೆ ಅರ್ಧ ಕೂರುವಷ್ಟು ಜಾಗ, ನನಗೆ. ಅಲ್ಲಿಂದ ದಿನವೂ ಗೆಳತಿಯ ತಲೆ ಆ ಭುಜದ ಕಡೆ ವಾಲುವುದನ್ನು ನೋಡುತ್ತಿದ್ದೆ. ಎಚ್ಚರವಿದ್ದೇ ವಾಲುತ್ತಾಳೆ ಎಂದೂ ಅನಿಸುತ್ತಿತ್ತು.

ಆ ಸಂಜೆ ಆ ಹುಡುಗಿ ತೋಳಿಲ್ಲದ ಕುರ್ತಾ ತೊಟ್ಟಿದ್ದಳು. ಮುಂಬ್ರಾ ದಾಟಿದ ಮೇಲೆ ಅವಳ ಬರಿ ಭುಜದ ಮೇಲೆ ಹುಳ ಕಂಡಿತು. ಗೆಳತಿಯ ಕೆನ್ನೆಗೂ ಅದಕ್ಕೂ ನಡುವೆ ನಾಲ್ಕು ಬೆರಳು.

ನಾನು ದಿಟ್ಟಿಸುತ್ತಿರುವುದನ್ನು ಹುಡುಗಿ ಕಂಡಳು. "ಕ್ಯಾ ಹುವಾ ದೀದಿ?"

"ಏನಿಲ್ಲ," ಎಂದೆ.

ದಿವಾದಲ್ಲಿ ಗಾಡಿ ಜಗ್ಗಿತು. ಕೆನ್ನೆ ಭುಜಕ್ಕೆ ಕೂತಿತು.

ಎರಡು ದಿನದ ಮೇಲೆ ಇಬ್ಬರೂ ಕ್ಯಾಲಮೈನ್ ಹಚ್ಚಿಕೊಂಡು ಬಂದರು, ಒಬ್ಬಳ ಕೆನ್ನೆಗೆ, ಇನ್ನೊಬ್ಬಳ ಭುಜಕ್ಕೆ. ನನಗೆ ನಾಚಿಕೆಯಾಗಬೇಕಿತ್ತು. ಬಾಟಲಿ ಒಂದೇ ಎಂಬುದು ಮೊದಲು ಕಣ್ಣಿಗೆ ಬಿತ್ತು. ಒಬ್ಬರಿಗೊಬ್ಬರು ಹತ್ತಿಯಿಂದ ಹಚ್ಚುತ್ತಾ ನಗುತ್ತಿದ್ದರು.

"ನೋಡ್ರಿ ಅಕ್ಕಾರ, ಒಂದs ಹುಳ ಇಬ್ಬರಿಗೂ ಮುದ್ರಿ ಒತ್ಯಾದ," ಎಂದಳು ಗೆಳತಿ. "ನಮ್ಮ ಮನ್ಯಾವ್ರು ಅಂತಾರ, ಎಲ್ಲಿ ಮಾರಿ ಇಟ್ಟಿದ್ದಿ ನೀ ಅಂತ."

"ಮೇರಾ ಭಿ ನಾಮ್ ಬತಾ ದಿಯಾ ಕ್ಯಾ?" ಎಂದು, ತನ್ನ ಹೆಸರೂ ಗಂಡನ ಕಿವಿಗೆ ಬಿತ್ತೇ ಎಂಬಂತೆ, ಹುಡುಗಿ ಅವಳನ್ನು ತಿವಿದಳು.

ಮನೆಗೆ ಹೋಗಿ ಕನ್ನಡಿಯ ಮುಂದೆ ಕುರ್ತಾ ಸರಿಸಿ ನನ್ನ ಭುಜ ನೋಡಿಕೊಂಡೆ. ಒಂದು ಚುಕ್ಕೆಯೂ ಇರಲಿಲ್ಲ.

ಮರುದಿನ ಗೆಳತಿ ಕೇಳಿದಳು: "ನಿಮಗ ಹತ್ಲಿಲ್ಲೇನ್ರಿ? ನೀವೂ ಅಲ್ಲೇ ಎದುರಿಗೆ ಕುಂತಿದ್ರಲ್ಲ."

"ನನಗೆ ಹುಳ ಕಾಣಿಸುತ್ತದೆ, ಮಾರಾಯ್ತಿ. ನಾನು ನಿದ್ದೆ ಮಾಡುವುದಿಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅದರ ಅರ್ಥ ನನಗೇ ಹೊಳೆಯಿತು. ಗೆಳತಿ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸಿ ಬ್ಯಾಗಿಗೆ ಹಾಕಿಕೊಂಡಳು.

ಈಗಲೂ ಅಕ್ಕಾರ ಎಂದೇ ಕರೆಯುತ್ತಾಳೆ. ಹಬ್ಬಕ್ಕೆ ಶೇಂಗಾ ಹೋಳಿಗೆ ತಂದುಕೊಡುತ್ತಾಳೆ. ನನ್ನ ಎದುರು ಕೂತಾಗ ನಿದ್ದೆ ಮಾತ್ರ ಮಾಡುವುದಿಲ್ಲ. ಅವಳಿಗೆ ತಿಳಿಯಿತೋ ಇಲ್ಲವೋ, ನನಗೆ ಗೊತ್ತಿಲ್ಲ.