ವಿಮಾನಕ್ಕೆ ಮೈಕ್ ಕಟ್ಟಿದವರು

ಬೈಲಹೊಂಗಲದಲ್ಲಿ ವಿಮಾನದ ಟಿಕೆಟ್ ಮಾರುವ ಏಜೆಂಟರೊಬ್ಬರಿದ್ದರು. ಮಾತೆತ್ತಿದರೆ, "ಸೀಟ್ ಅಲ್ರೀ, ಸುದ್ದಿ ಮಾರಬೇಕು!" ಎಂದು ಟೇಬಲ್ ಕುಟ್ಟುವರು.

ಬೆಳಗಾವಿಯಿಂದ ಮುಂಬೈಗೆ ಹಾರುತ್ತಿದ್ದ ಅವರ ಕಂಪನಿ ಸೊರಗಿತ್ತು. ಒಮ್ಮೆ ಹೋದವರು ಮತ್ತೆ ಹತ್ತುತ್ತಿರಲಿಲ್ಲ. ಆ ತಿಂಗಳು ಒಬ್ಬ ಹಳೇ ಗಿರಾಕಿಯೂ ಮರಳದಿದ್ದರೆ ಏಜೆನ್ಸಿ ಬಂದ್ ಎಂದ ಕಂಪನಿ, ಗಿರಾಕಿಗಳಿಗೆ ಹಂಚಲು, ಮತ್ತೆ ಹಾರಿದರೆ ರಿಯಾಯಿತಿ ಸಿಗುವ ಪಾಯಿಂಟ್ ಕಾರ್ಡ್ ಕಳಿಸಿತು. ಏಜೆಂಟರು ಅದರಿಂದ ಕಿವಿ ಕೆರೆದುಕೊಂಡು, ಮೈಕ್ ಕಟ್ಟಿದ ನನ್ನ ಆಟೊ ಹತ್ತಿ ಮುನವಳ್ಳಿಗೆ ಹೋಗಿ ಕೂಗಿದರು:

"ನಿಮ್ಮೂರ ಬೆಲ್ಲದ ಸಾವಕಾರ್ರು ವಿಮಾನದಾಗ ಮುಂಬೈಗೆ ಹೋಗಿ ಬಂದಾರ್ರೀ!"

ಮರುದಿನ ಬೆಳಿಗ್ಗೆ ಸಾವಕಾರರ ಬೀಗರು ಬಂದು ಎರಡು ಟಿಕೆಟ್ ಕೊಂಡರು. "ನಮ್ಮ ಹೆಸರಿಗೂ ಮೈಕ್ ಜೋರ್ ಇರ್ಲಿ."

ಮಧ್ಯಾಹ್ನ ಸಾವಕಾರರೇ ಓಡಿಬಂದರು. "ಅವ್ರು ಎರಡ ತಗೊಂಡ್ರ? ನಂಗ ಮೂರ ಬರೀರಿ!"

ಏಜೆನ್ಸಿ ಉಳಿಯಿತು. "ನೀವ್ ಯಾವಾಗ ಹಾರೋದ್ರಿ ಅಣ್ಣಾರ?" ಎಂದು ಕೇಳಿದೆ.

"ನಾ ಹಾರಿದ್ರ ಇಲ್ಲಿ ಮೈಕ್ ಯಾರ್ ಹಿಡೀತಾರ, ನಿಮ್ಮಪ್ಪ?"