ಅಮ್ಮ ಬದುಕಿದ್ದಾಗಲೇ ಮೀಸೆ ಬೋಳಿಸಿಕೊಂಡ ಅಣ್ಣ

ಅಣ್ಣನ ಮೀಸೆಯ ಎಡತುದಿ ಬಲತುದಿಗಿಂತ ಒಂದು ರಾಗಿಕಾಳಿನಷ್ಟು ಉದ್ದವಿತ್ತು. ಸೈನ್ಯದಿಂದ ರಜಕ್ಕೆ ಬಂದಾಗಲೆಲ್ಲ ಹಿತ್ತಲ ಬೇವಿನ ಮರಕ್ಕೆ ಒಡೆದ ಕನ್ನಡಿ ಸಿಕ್ಕಿಸಿ, ಬೆಳಿಗ್ಗೆ ಐದೂವರೆಗೇ ಅದನ್ನು ಸರಿ ಮಾಡುತ್ತ ನಿಲ್ಲುತ್ತಿದ್ದ. ಎಡಗಡೆ ಕತ್ತರಿಸಿದರೆ ಬಲಗಡೆ ಉದ್ದ ಕಾಣುತ್ತಿತ್ತು, ಬಲಗಡೆ ಕತ್ತರಿಸಿದರೆ ಎಡಗಡೆ.

"ಹಿಂಗೇ ಹೋದ್ರೆ ಸಾಯಂಕಾಲಕ್ಕೆ ಬರೀ ಮೂಗು ಉಳಿಯುತ್ತೆ ಕಣಪ್ಪ," ಎಂದು ಅಮ್ಮ ಒಲೆ ಮುಂದಿನಿಂದಲೇ ಹೇಳುತ್ತಿದ್ದಳು.

ನಮ್ಮದು ಗೌರಿಬಿದನೂರು ತಾಲ್ಲೂಕು, ನಗರಗೆರೆ ಕಡೆಯ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು. ಅಪ್ಪ ಬೇಗ ಹೋದ. ಅಣ್ಣ ಎಸ್ಸೆಸ್ಸೆಲ್ಸಿ ಮುಗಿಸಿ ಸೈನ್ಯಕ್ಕೆ ಸೇರಿದ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟೆ. ಬಿಟ್ಟಿದ್ದಕ್ಕೆ ಮೇಷ್ಟರೂ ಬೇಜಾರು ಮಾಡಿಕೊಳ್ಳಲಿಲ್ಲ.

ರಜಕ್ಕೆ ಬಂದವನು ಸುಮ್ಮನೆ ಕೂರುತ್ತಾನೆಯೇ? ಹುಳುವಿನ ತಟ್ಟೆಗಳನ್ನು ದಾರ ಹಿಡಿದು ಒಂದೇ ಸಾಲಿಗೆ ತರುತ್ತಿದ್ದ. ಸೊಪ್ಪಿನ ಕಂತೆಗಳನ್ನು ಎತ್ತರದ ಪ್ರಕಾರ ನಿಲ್ಲಿಸುತ್ತಿದ್ದ. ನನ್ನ ಕಂಬಳಿಯನ್ನು ನಾನು ಏಳುವ ಮೊದಲೇ ಮಡಚುತ್ತಿದ್ದ. "ಒಂದ್ಸಲ ಹೇಳಿದ್ರೆ ಆರ್ಡರ್. ಎರಡನೇ ಸಲ ಹೇಳೋದು ನಮ್ಮಮ್ಮನ ಕೆಲಸ," ಎನ್ನುತ್ತಿದ್ದ. ಮೂರು ಆಳಿನ ಕೆಲಸ ಒಬ್ಬನೇ ಮಾಡುತ್ತಿದ್ದುದರಿಂದ ಅವನ ರಜ ಎಂದರೆ ನನಗೂ ರಜ.

ಗಡಿಯಲ್ಲಿ ಎರಡೂ ಕಡೆಯ ಸೈನ್ಯ ಎದುರುಬದುರು ಕೂತಿದ್ದ ವರ್ಷ ಅವನು ಹತ್ತು ತಿಂಗಳು ಮರಳುಗಾಡಿನ ಕಂದಕದಲ್ಲಿದ್ದ. ವಾಪಸ್ ಬಂದಾಗ ಊರಿನವರು ಯುದ್ಧದ ಕತೆ ಕೇಳಲು ಜಗಲಿ ತುಂಬ ಕೂತರು. ಅಣ್ಣ ಹೇಳಿದ್ದು ಒಂದು ಒಂಟೆಯ ಕತೆ. ಅದು ದಿನಾ ಬಂದು ಇವರ ಈರುಳ್ಳಿ ತಿಂದು ಹೋಗುತ್ತಿತ್ತಂತೆ, ಅದಕ್ಕೆ ಕಾವಲು ಹಾಕಿದರಂತೆ, ಕಾವಲಿನವನ ಟೋಪಿಯನ್ನೂ ತಿಂದಿತಂತೆ.

"ಗುಂಡು ಹಾರಿಸ್ಲಿಲ್ವಾ?" ಎಂದು ಒಬ್ಬ ಕೇಳಿದ.

"ಒಂಟೆಗಾ?"

"ಅಲ್ಲಪ್ಪ, ಶತ್ರುಗೆ."

"ಕಾಯೋದೇ ನಮ್ ಕೆಲಸ. ಹಾರಿಸು ಅನ್ನೋವರ್ಗೂ ಕಾಯ್ಬೇಕು. ಹತ್ತು ತಿಂಗಳು ಯಾರೂ ಅನ್ಲಿಲ್ಲ," ಎಂದು ಅಣ್ಣ ಎದ್ದು ಸೊಪ್ಪಿಗೆ ಹೋದ. ಅವನ ದಳದ ಇಬ್ಬರು ಅಲ್ಲಿ ನೆಲಬಾಂಬು ತೆಗೆಯುವಾಗ ತೀರಿಕೊಂಡಿದ್ದರು ಎಂದು ನನಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಅದರ ಮುಂದಿನ ವರ್ಷ ನಾನು ಮಾಡಿದ ಕೆಲಸವನ್ನು ಈಗ ಹೇಳಬೇಕು.

ರೇಷ್ಮೆ ಹುಳು ಕೊನೆಯ ಒಂದು ವಾರ ಬಕಾಸುರನ ಹಾಗೆ ತಿನ್ನುತ್ತದೆ. ಹಗಲೂ ರಾತ್ರಿ ಸೊಪ್ಪು ಕೊಯ್ದು ಹಾಕಬೇಕು. ಅದೇ ವಾರ ಚಿಂತಾಮಣಿಯಲ್ಲಿ ವಾಲಿಬಾಲ್ ಪಂದ್ಯವಿತ್ತು. ನಾನು ನಮ್ಮ ತಂಡದಲ್ಲಿ ಹೆಚ್ಚುವರಿ ಆಟಗಾರ, ಅಂದರೆ ಟವೆಲ್ ಹಿಡಿಯುವವನು. ಆದರೂ ಹೋಗಲೇಬೇಕು ಅನ್ನಿಸಿತು. ಸೊಪ್ಪಿಗೆ ಅಣ್ಣ ಬರಲಿ ಎಂದು ಗೌರಿಬಿದನೂರಿಗೆ ಸೈಕಲ್ ತುಳಿದು ಅವನಿಗೆ ಟೆಲಿಗ್ರಾಂ ಕೊಟ್ಟೆ: ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯಟ್ಲಿ.

ಸೈನ್ಯದವರು ಇಂಥ ಟೆಲಿಗ್ರಾಂ ನಿಜವೋ ಸುಳ್ಳೋ ಎಂದು ಪೊಲೀಸರ ಕೈಲಿ ವಿಚಾರಿಸುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲ. ಮೂರನೇ ದಿನ ಒಬ್ಬ ಪೊಲೀಸಪ್ಪ ಬೈಕಿನಲ್ಲಿ ಬಂದಿಳಿದ. ಅಮ್ಮ ತಲೆ ಮೇಲೆ ತನ್ನೆತ್ತರದ ಸೊಪ್ಪಿನ ಹೊರೆ ಹೊತ್ತು ಬರುತ್ತಿದ್ದಳು.

"ಇಲ್ಲಿ ಸೀರಿಯಸ್ ಆಗಿರೋ ಅಮ್ಮ ಯಾರು? ಮಿಲಿಟ್ರಿ ಮಗನಿಗೆ ಟೆಲಿಗ್ರಾಂ ಹೋಗೈತಲ್ಲ."

ಅಮ್ಮ ಹೊರೆಯ ಕೆಳಗಿನಿಂದ ನನ್ನ ಮುಖ ನೋಡಿದಳು. ಅಷ್ಟೇ ಸಾಕಾಯಿತು.

"ಅವ್ರು ನಮ್ಮಕ್ಕ. ಒಳಗೆ ಮಲಗವ್ರೆ, ಇರಪ್ಪ ನೋಡ್ತೀನಿ," ಎಂದು ಹೊರೆ ಇಳಿಸಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ನರಳಾಟ ಕೇಳಿಸಿತು.

ಹುಳುವಿನ ಮನೆಯೊಳಗೆ ಹೊರಗಿನವರನ್ನು ಬಿಡುವ ಪದ್ಧತಿ ನಮ್ಮಲ್ಲಿಲ್ಲ. ಪೊಲೀಸಪ್ಪ ಬಾಗಿಲಲ್ಲೇ ನಿಂತು ಇಣುಕಿದ. ಸೂರಿನವರೆಗೆ ತಟ್ಟೆಗಳು, ಮಳೆ ಬಿದ್ದ ಹಾಗೆ ಹುಳು ಮೇಯುವ ಸದ್ದು, ಸಂದಿಯಲ್ಲಿ ಕಂಬಳಿ ಹೊದ್ದ ಒಂದು ಆಕಾರ. ಪೊಲೀಸಪ್ಪನ ಬೆರಳ ಸಂದಿಯಲ್ಲಿ ಬೀಡಿ ಹೊಗೆಯಾಡುತ್ತಿತ್ತು. ತಂಬಾಕಿನ ಹೊಗೆ ತಾಕಿದರೆ ಹುಳು ಉಳಿಯುವುದಿಲ್ಲ.

"ಬೀಡಿ ಆಚೆ ಬಿಸಾಕಪ್ಪೋ, ಹುಳ ಸಾಯ್ತವೆ," ಎಂದಿತು ಕಂಬಳಿ.

ಪೊಲೀಸಪ್ಪ ಎರಡು ಹೆಜ್ಜೆ ಹಿಂದೆ ಸರಿದ. "ಮಾತಾಡ್ತಾರಲ್ಲಯ್ಯ?"

"ಜ್ಞಾನ ಇಲ್ಲ ಸಾರ್. ಜ್ಞಾನ ತಪ್ಪಿದ್ರೂ ಹುಳದ್ದೇ ಮಾತು."

ಅವನು ಶಿಡ್ಲಘಟ್ಟದ ಕಡೆಯವನಂತೆ, ಅವನ ಮನೆಯಲ್ಲೂ ಹುಳುವೇ. "ನಮ್ಮಮ್ಮನೂ ಹಿಂಗೇ ಹೋಗಿದ್ದು," ಎಂದು ಕಣ್ಣೊರೆಸಿಕೊಂಡು, ಸೀರಿಯಸ್ ಎಂದು ಬರೆದುಕೊಂಡು ಹೋದ.

ಅಮ್ಮ ಎದ್ದು ಬಂದವಳೇ ಹಿಪ್ಪುನೇರಳೆ ಕಡ್ಡಿ ಹಿಡಿದು ನನ್ನನ್ನು ಬಾರಿಸಿದಳು. ಬಾರಿಸಿ ಸುಸ್ತಾದ ಮೇಲೆ ಹೇಳಿದಳು: "ಅವನು ಬಂದ್ರೆ ನಾನೇ ಕಳಿಸ್ದೆ ಅಂತೀನಿ. ನೀನು ಬಾಯಿ ಬಿಡ್ಬೇಡ." ನಾನು ಪಂದ್ಯಕ್ಕೂ ಹೋಗಲಿಲ್ಲ, ಬಾಯಿಯನ್ನೂ ಬಿಡಲಿಲ್ಲ.

ನಮ್ಮ ಕಡೆ ಸತ್ತರು ಎಂದು ಯಾರೂ ಟೆಲಿಗ್ರಾಂ ಕೊಡುವುದಿಲ್ಲ, ಸೀರಿಯಸ್ ಎಂದೇ ಕೊಡುತ್ತಾರೆ. ದೂರದವನು ದಾರಿಯಲ್ಲಿ ಎದೆಯೊಡೆದುಕೊಳ್ಳಬಾರದಲ್ಲ. ಹಾಗಾಗಿ ಅಮ್ಮ ಹೋದಳೆಂದು ಅಣ್ಣ ಅಲ್ಲೇ ತೀರ್ಮಾನಿಸಿದ್ದ. ಗುಂತಕಲ್ಲಿನಲ್ಲಿ ರೈಲು ಬದಲಿಸುವಾಗ ದಿನ ಎಣಿಸಿ ನೋಡಿದನಂತೆ: ಮಣ್ಣು ಆಗಿಹೋಗಿರುತ್ತದೆ, ಹಿರೀ ಮಗ ಮೀಸೆ ಹೊತ್ತು ಹೊಸಿಲು ದಾಟುವುದು ಹೇಗೆ? ಸ್ಟೇಷನ್ ಹೊರಗೆ ಕ್ಷೌರದವನ ಮುಂದೆ ಕೂತು ತಲೆ, ಮೀಸೆ ಎರಡನ್ನೂ ಕೊಟ್ಟು, ಪ್ಲಾಟ್‌ಫಾರಂ ನಲ್ಲಿಯಲ್ಲಿ ಸ್ನಾನ ಮಾಡಿ ಬಂದ.

ಅವತ್ತು ಹುಳು ಹಣ್ಣಾಗಿದ್ದವು. ಗೂಡು ಕಟ್ಟಲು ಚಂದ್ರಿಕೆಗೆ, ಅಂದರೆ ಬಿದಿರಿನ ತಟ್ಟಿಗೆ, ಬಿಡಬೇಕು, ಅಂಗಳದ ತುಂಬ ಹೆಂಗಸರು. ಅಮ್ಮ ತಲೆಯೆತ್ತಿ ನೋಡಿದಳು. ಬೇಲಿ ಹತ್ತಿರ ಬೋಳುತಲೆಯ ಮಗ.

"ಇದೇನೋ ಅಪ್ಪ ಇದು? ಯಾರೋ ಹೋದ್ರು?"

ಅಣ್ಣ ಹೊತ್ತಿದ್ದ ಟ್ರಂಕು ಕೆಳಗಿಟ್ಟು ಹೇಳಿದ: "ನೀನೇ ಕಣಮ್ಮ."

ಆಮೇಲೆ ಟ್ರಂಕಿನ ಮೇಲೆ ಕುಸಿದು ಕೂತು ಬಿಕ್ಕಳಿಕೆ ಬರುವವರೆಗೆ ನಕ್ಕ. "ನಗೋದು ಆಮೇಲೆ. ಸುಣ್ಣ ತುಳ್ದು ಒಳಗ್ ಬಾ, ಹಣ್ಣಾಗವೆ," ಎಂದಳು ಅಮ್ಮ. ಅಣ್ಣ ಬೂಟು ಬಿಚ್ಚಿಟ್ಟು, ಹುಳುವಿಗೆ ರೋಗ ತಾಕದಿರಲೆಂದು ಬಾಗಿಲಲ್ಲಿ ಹರವಿದ್ದ ಸುಣ್ಣ ತುಳಿದು ಒಳಗೆ ಹೋಗಿ, ಸಂಜೆಯವರೆಗೆ ಹುಳು ಆಯ್ದ. ಪಕ್ಕದ ಮನೆಯ ಹೆಂಗಸು, "ನಿನ್ನ ತಿಥಿ ಊಟ ಯಾವತ್ತಕ್ಕ?" ಎಂದಾಗ ಅಮ್ಮ, "ಗೂಡು ಬಿಡಿಸಿ ಆಗ್ಲಿ ಇರು, ನಾನೇ ಬಡಿಸ್ತೀನಿ," ಎಂದಳು.

"ಯಾರಮ್ಮ ಕಳಿಸಿದ್ದು?" ಎಂದು ಅಣ್ಣ ಕೇಳಿದ್ದು ಒಂದೇ ಸಲ.

"ನಾನೇ ಕಣಪ್ಪ. ನಿನ್ನ ನೋಡಂಗಾಗಿತ್ತು."

ನಾನು ಪಕ್ಕದಲ್ಲೇ ಇದ್ದೆ. ತಲೆ ಬಗ್ಗಿಸಿ ಹುಳು ಆರಿಸುತ್ತಿದ್ದೆ.

ಆ ನಾಚಿಕೆಗೆ ಅವತ್ತಿನಿಂದ ಅಣ್ಣ ರಜಕ್ಕೆ ಬಂದರೂ ನಾನು ಕುಡುಗೋಲು ಅವನ ಕೈಗೆ ಕೊಡಲಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಅವನು ನಾಯಕ್ ಆಗಿಯೇ ನಿವೃತ್ತನಾಗಿ ಬಂದ, ತೋಳಿನಲ್ಲಿ ಎರಡೇ ಪಟ್ಟಿ. ಆಗಲೂ ಸೊಪ್ಪೆಲ್ಲ ನಾನೇ ಕೊಯ್ದೆ. ಅಣ್ಣ ಬದುವಿನ ಮೇಲೆ ನಿಂತು, "ಆ ಸಾಲು ಬಿಟ್ಟೆ ನೋಡು," ಎನ್ನುತ್ತಿದ್ದ.

ಹೀಗೆ ಇನ್ನೆರಡು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಅವನ ಸೈನ್ಯದ ಗೆಳೆಯರೊಬ್ಬರು, ಚಿಂತಾಮಣಿ ಕಡೆಯವರು, ಮಗಳ ಮದುವೆಗೆ ಕರೆಯಲು ಬಂದರು. ಅಣ್ಣ ಕಾಫಿಗೆ ಹಾಲು ತರಲು ಹೋದಾಗ ಅವರು ನನಗೆ ಹೇಳಿದರು: "ನಿಮ್ಮಣ್ಣ ನನಗಿಂತ ಮೊದ್ಲು ಹವಾಲ್ದಾರ್ ಆಗ್ಬೇಕಿತ್ತಪ್ಪ. ಪ್ರಮೋಷನ್ ಟ್ರೈನಿಂಗಿಗೆ ಹೆಸರು ಬಂದಿತ್ತು. ಅದೇ ವಾರ ತಾಯಿಗೆ ಸೀರಿಯಸ್ ಅಂತ ಓಡ್ಬಂದ. ಮುಂದಿನ ಸರ್ತಿ ಬರೋ ಹೊತ್ತಿಗೆ ಮೊಣಕಾಲು ಕೆಟ್ಟೋಗಿತ್ತು."

ಅವರು ಹೋದ ಮೇಲೆ ಅಣ್ಣನ ಮುಂದೆ ನಿಂತೆ. ಎಷ್ಟೋ ಯೋಚಿಸಿಕೊಂಡಿದ್ದರೂ ಬಾಯಿಗೆ ಬಂದದ್ದು ಇಷ್ಟೇ: "ಟೆಲಿಗ್ರಾಂ ನಂದು ಕಣಣ್ಣ. ಅಮ್ಮಂದಲ್ಲ."

ಅವನು ಲೋಟ ತೊಳೆಯುವುದನ್ನು ನಿಲ್ಲಿಸಲಿಲ್ಲ. "ಗೊತ್ತು ಬಿಡೋ. ಅಮ್ಮ ಸುಳ್ಳು ಹೇಳೋದು ನಿನಗೋಸ್ಕರ ಮಾತ್ರ. ಚಿಕ್ಕಂದಿನಿಂದ ನೋಡಿದೀನಿ."

"ಗೊತ್ತಿದ್ರೆ ಯಾಕ್ ಸುಮ್ನಿದ್ದೆ?"

"ಬೈದಿದ್ರೆ ನೀನು ಎರಡು ದಿನ ಮುಖ ಸಣ್ಣ ಮಾಡ್ಕೊಂಡು ಮರ್ತುಬಿಡ್ತಿದ್ದೆ. ಬೈದೇ ಇದ್ದಿದ್ದಕ್ಕೆ ನೋಡು, ಆರು ವರ್ಷ ಸೊಪ್ಪು ಕೊಯ್ದೆ."

ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ನಾನು ತೋಟಕ್ಕೆ ಹೋದರೆ ಅಣ್ಣ ಕೆಟ್ಟ ಮೊಣಕಾಲು ಚಾಚಿಕೊಂಡು ಆಗಲೇ ನಾಲ್ಕು ಸಾಲು ಕೊಯ್ದಿದ್ದ. "ಪನಿಷ್ಮೆಂಟ್ ಮುಗೀತು, ಹೋಗಿ ಮಲ್ಕೊ," ಎಂದ.

ನಾನು ಮಲಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೆ ಅಣ್ಣನಿಗಿಂತ ಮೊದಲು ಆ ತೋಟ ಮುಟ್ಟಬೇಕೆಂದು ದಿನಾ ಎದ್ದು ಓಡುತ್ತೇನೆ. ಒಂದು ದಿನವೂ ಆಗಿಲ್ಲ.