ಅಕ್ಕನ ಅರವತ್ತು ಚೀಟಿ

ನಮ್ಮಕ್ಕ ಹದಿನೆಂಟು ವರ್ಷಗಳಿಂದ ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿದ್ದಾಳೆ. ಮೂಟೆಗಟ್ಟಲೆ ಬರುವ ಮಣ್ಣನ್ನು ಪರೀಕ್ಷೆಗೆ ಬೇಕಾದ ಒಂದು ಹಿಡಿಗೆ ಇಳಿಸುವುದು ಅವಳ ಕೆಲಸ. ನಲವತ್ತೆರಡನೆಯ ವಯಸ್ಸಿಗೆ ಅವಳಿಗೆ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆಯಲ್ಲಿ ಪಿಎಚ್.ಡಿ. ಮಾಡುವ ಹುಚ್ಚು ಹಿಡಿಯಿತು. ಮೂರು ವಿಶ್ವವಿದ್ಯಾಲಯಗಳು ಸೀಟು ಕೊಟ್ಟವು. ಅಲ್ಲಿಂದ ತಲೆ ಕೆಟ್ಟಿತು. ಒಂದರಲ್ಲಿ ಒಳ್ಳೆಯ ಮಾರ್ಗದರ್ಶಕರು, ಇನ್ನೊಂದರಲ್ಲಿ ಒಳ್ಳೆಯ ಪ್ರಯೋಗಾಲಯ, ಮತ್ತೊಂದು ಮನೆಗೆ ಹತ್ತಿರ. ನನಗೆ ಹೇಳಿದ್ದನ್ನೇ ಭಾವನಿಗೂ ಹೇಳಿ ವಾರಗಟ್ಟಲೆ ನಮ್ಮ ಪ್ರಾಣ ತಿಂದಳು.

ಕೊನೆಗೊಂದು ಭಾನುವಾರ ಒಂದೊಂದರ ಗುಣದೋಷಗಳನ್ನೂ ಇಪ್ಪತ್ತಿಪ್ಪತ್ತು ಚೀಟಿಗಳಲ್ಲಿ ಬರೆದು, ಊಟದ ಮೇಜಿನ ಮೇಲೆ ಕಲೆಸಿ ಗುಡ್ಡೆ ಹಾಕಿದಳು. ಗುಡ್ಡೆಯನ್ನು ನಾಲ್ಕು ಪಾಲು ಮಾಡಿ, ಎದುರುಬದುರಾದ ಎರಡು ಪಾಲುಗಳನ್ನು ತೆಗೆದು ಬುಟ್ಟಿಗೆ ಹಾಕಿದಳು. ಉಳಿದದ್ದನ್ನು ಮತ್ತೆ ಕಲೆಸಿ ಹಾಗೇ ಮಾಡಿದಳು. ಹದಿನೈದು ಚೀಟಿ ಉಳಿದವು, ಮೂರಕ್ಕೂ ಐದೈದು.

"ಇದೇನಕ್ಕಾ, ಗೊಂದಲ ಹಾಗೇ ಇದೆಯಲ್ಲ?" ಎಂದೆ.

ಅಕ್ಕ ಚೀಟಿಗಳನ್ನು ಇನ್ನೊಮ್ಮೆ ಎಣಿಸಿ ಹಣೆ ಚಚ್ಚಿಕೊಂಡಳು.

"ಹಾಗೇ ಇರ್ಬೇಕು ಕಣೋ. ಮೂಟೇಲಿ ಏನಿದೆಯೋ ಹಿಡೀಲೂ ಅದೇ ಉಳೀಲಿ ಅಂತ ತಾನೆ ಹೀಗೆ ಪಾಲು ಮಾಡೋದು. ಲ್ಯಾಬಿಗೆ ಬರೋ ಹೊಸಬರಿಗೆಲ್ಲ ನಾನೇ ಇದನ್ನ ಹೇಳ್ಕೊಡ್ತೀನಿ."